ಲಂಕೆಯಿಂದ ಒಂದು ನೀಲದ ಹರಳು

ಚಾಮರಾಜನಗರ

ಸಿಲೋನಿನಿಂದ ಬಂದ ಮೇಲೆ ನಮ್ಮೂರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿ ಕೇಳದವರಿಲ್ಲ. ರಾವಣನ ಅರಮನೆ ಇನ್ನೂ ಇದೆಯೇ, ಸೀತೆ ಕೂತಿದ್ದ ಮರ ಕಂಡೆಯಾ, ಅಲ್ಲಿಯ ಹೆಂಗಸರು ಬಹಳ ಎತ್ತರವಂತೆ ಹೌದೇ. ಹತ್ತು ತಲೆಯವನು ಯಾವ ಮಗ್ಗುಲಿಗೆ ಮಲಗುತ್ತಿದ್ದ ಎಂದು ನಾನು ತಿರುಗಿ ಕೇಳುತ್ತಿದ್ದೆ. ಅವರು ನಕ್ಕು ಹೋಗುತ್ತಿದ್ದರು, ನನ್ನ ಪ್ರವಾಸದ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಮುಗಿದರೆ ಸಾಕೆಂದು ನನಗೂ ಇತ್ತು. ಬರೆಯಲು ಕೂತ ಮೇಲೆ ರಾವಣನ ಹಿಂದೆ ಅವಿತುಕೊಳ್ಳುವಂತಿಲ್ಲ.

ಹೋದದ್ದು ಚರ್ಚಾಸ್ಪರ್ಧೆಗೆ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಮ್ಮಿಬ್ಬರನ್ನು ಕೊಲಂಬೊದ ಒಂದು ವಿದ್ಯಾರ್ಥಿ ಸಂಘ ಕರೆಸಿಕೊಂಡಿತ್ತು. ಇನ್ನೊಬ್ಬ ಉಮ್ಮತ್ತೂರಿನ ಮಾದೇವಸ್ವಾಮಿ. ವೇದಿಕೆಯ ಮೇಲೆ ಅಚ್ಚುಕಟ್ಟಾದ ಇಂಗ್ಲಿಷ್, ಕೆಳಗಿಳಿದರೆ ಅಪ್ಪಟ ಉಮ್ಮತ್ತೂರು. ಚರ್ಚೆ ಸಂಘಕ್ಕೆ ಗೊತ್ತಿದ್ದ ಕಾರಣ. ನನಗಿದ್ದ ಕಾರಣ ಬೇರೆ. ಗಿರಿಜೆಗೆ ಒಂದು ಉಂಗುರ ತರಬೇಕಿತ್ತು.

ಗಿರಿಜೆ ಗುಂಡ್ಲುಪೇಟೆಯವಳು, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಮೈಸೂರಿನಲ್ಲಿ ಟ್ರೇನಿಂಗಿಗೆ ಇದ್ದಾಗ ಒಂದು ಚರ್ಚೆಯಲ್ಲಿ ಹೊತ್ತು ನೋಡಿ ಗಂಟೆ ಬಾರಿಸುವ ಕೆಲಸ ಅವಳಿಗೆ ಬಿದ್ದಿತ್ತು. ಮೊದಲ ಗಂಟೆಗೆ ನಾನು ನಿಲ್ಲಲಿಲ್ಲ, ಎರಡನೆಯದಕ್ಕೂ ನಿಲ್ಲಲಿಲ್ಲ. ಮೂರನೆಯ ಸಲ ಅವಳು ಗಂಟೆ ಬಾರಿಸುವುದನ್ನೇ ನಿಲ್ಲಿಸಲಿಲ್ಲ. ಸಭೆಯೆಲ್ಲ ನಗುತ್ತಿತ್ತು. ನನ್ನ ಬಾಯಿ ಮುಚ್ಚಿಸಿದ ಮೊದಲ ವ್ಯಕ್ತಿಯೆಂದು ಅವಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದೆ. ಆಮೇಲೆ ಎರಡು ವರ್ಷ ಕಾಗದ ಬರೆದುಕೊಂಡೆವು. ಜಾತಿಯ ಅಡ್ಡಿ ಇರಲಿಲ್ಲ, ಎರಡು ಮನೆಯಲ್ಲೂ ಲಿಂಗಪೂಜೆ. ನಮ್ಮಪ್ಪನನ್ನು ಆರು ತಿಂಗಳು ವಾದ ಮಾಡಿ ಒಪ್ಪಿಸಿದ್ದೆ. ಅವರು ಒಪ್ಪಿದರೋ ಸುಸ್ತಾದರೋ ಎಂದು ಅಮ್ಮ ಈಗಲೂ ಕೇಳುತ್ತಾಳೆ.

ಒಪ್ಪಿಸಲು ಉಳಿದವರು ಗಿರಿಜೆಯ ತಾಯಿ ಚೆನ್ನಾಜಮ್ಮ. ಅವರ ಗಂಡ, ಗಿರಿಜೆ ಚಿಕ್ಕವಳಿದ್ದಾಗ, ಯಾರಿಂದಲೋ ನೀಲದ ಉಂಗುರ ಕೊಂಡು ಅದೇ ದಿನ ಬೆರಳಿಗೆ ಹಾಕಿಕೊಂಡಿದ್ದರಂತೆ. ನೀಲ ಶನಿಯ ಕಲ್ಲು. ಅದನ್ನು ತೊಡುವ ಮುಂಚೆ ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಮಲಗಬೇಕು. ನಿದ್ದೆ ಕೆಡದಿದ್ದರೆ, ಕೆಟ್ಟ ಕನಸು ಬೀಳದಿದ್ದರೆ ಕಲ್ಲು ಒಪ್ಪಿತು ಎಂದರ್ಥ, ಇಲ್ಲದಿದ್ದರೆ ತಿರುಗಿಸಿ ಕೊಡಬೇಕು. ಇದು ನಮ್ಮ ಸೀಮೆಯ ನಂಬಿಕೆ. ಅವರು ಇಡಲಿಲ್ಲ. ತಿಂಗಳೊಳಗೆ ಜ್ವರ ಬಂದು ತೀರಿಹೋದರು.

ಹೊರಡುವ ವಾರ ಗಿರಿಜೆ ಹೇಳಿದ್ದಳು: “ನಂಜನಗೂಡಿಂದ ಒಂದು ಕಡೆಯೋರು ಕೇಳಿದ್ದಾರೆ. ನೀವು ಬರೋ ತನಕ ಅವರಿಗೆ ಮಾತು ಕೊಡಬೇಡ ಅಂತ ಅವ್ವನ ಹತ್ರ ಹೇಳಿಟ್ಟಿದ್ದೀನಿ. ಬಂದ ತಕ್ಷಣ ನೀವೇ ಬಂದು ಕೇಳಿ. ಕೇಳಿ ಅಂದೆ, ಗೆಲ್ಲಿ ಅನ್ನಲಿಲ್ಲ.”

ಹುಡುಗನೇ ಉಂಗುರ ಹಿಡಿದು ಹೋಗಿ ಹೆಣ್ಣು ಕೇಳುವುದು ನಮ್ಮ ಕಡೆಯ ಪದ್ಧತಿಯಲ್ಲ. ಹಿರಿಯರು ವೀಳ್ಯ ಕಾಯಿ ಹಿಡಿದು ಹೋಗಬೇಕು. ಅದನ್ನು ಮುರಿಯುವುದಷ್ಟೇ ನನಗೆ ಸಾಲಲಿಲ್ಲ. ತಿಂಗಳುಗಟ್ಟಲೆ ಯೋಚಿಸಿ ಒಂದು ಯೋಜನೆ ಮಾಡಿದೆ: ಉಂಗುರಕ್ಕೆ ನೀಲವನ್ನೇ ಇಡಿಸುವುದು. ಆ ಮನೆಯ ಭಯವನ್ನು ಆ ಮನೆಯ ಮಗಳ ಬೆರಳಿಗೇ ತೊಡಿಸಿ, ಏನೂ ಆಗಲಿಲ್ಲ ನೋಡಿ ಎಂದು ತೋರಿಸಿಬಿಡುವುದು. ನೀಲ ಹುಟ್ಟುವ ನಾಡಿಗೇ ಕರೆ ಬಂದಾಗ ಅದು ನನ್ನ ವಾದಕ್ಕೆ ಸಿಕ್ಕ ಸಾಕ್ಷಿಯಂತೆ ಕಂಡಿತು. ಅಷ್ಟು ಮುತುವರ್ಜಿಯಿಂದ ನಾನು ಇನ್ನೊಬ್ಬರಿಗಾಗಿ ಏನನ್ನೂ ಯೋಚಿಸಿರಲಿಲ್ಲ. ಅದಕ್ಕೇ ಅದು ತಪ್ಪಿರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲ.

ಮಂಡಪಂ

ದಿಂಬಂ ಘಟ್ಟ ಇಳಿದು, ಸತ್ಯಮಂಗಲ ದಾಟಿ, ಎರಡು ರೈಲು ಬದಲಾಯಿಸಿ ಮಂಡಪಂ ಸೇರಿದೆವು. ಲಂಕೆಗೆ ಹೋಗುವವರಿಗೆ ಇಲ್ಲಿ ಆರೋಗ್ಯ ಪರೀಕ್ಷೆ. ಸಿಡುಬಿನ ಚುಚ್ಚಿನ ಗುರುತು, ಅದರ ಸರ್ಟಿಫಿಕೇಟು ಎರಡನ್ನೂ ತೋರಿಸಿ ಚೀಟಿ ಪಡೆಯಬೇಕು. ಮಾದೇವಸ್ವಾಮಿ ಶರಟಿನ ತೋಳು ಮಡಿಸಿದ, ಡಾಕ್ಟರು ತಲೆಯಾಡಿಸಿದರು, ಚೀಟಿ ಬಂತು. ನನ್ನ ಸರದಿಯಲ್ಲಿ ನಾನೊಂದು ಪ್ರಶ್ನೆ ಕೇಳಿದೆ. ಗುರುತು ಇದ್ದರೆ ಸರ್ಟಿಫಿಕೇಟು ಏಕೆ, ಸರ್ಟಿಫಿಕೇಟು ಇದ್ದರೆ ಗುರುತು ಏಕೆ, ಎರಡರಲ್ಲಿ ಒಂದು ಅನವಶ್ಯಕವಲ್ಲವೇ? ಡಾಕ್ಟರು ಬಹಳ ಮರ್ಯಾದೆಯಿಂದ, ಎರಡನ್ನೂ ಇನ್ನೊಮ್ಮೆ ಕೂಲಂಕಷವಾಗಿ ನೋಡಬೇಕಾಗುತ್ತದೆ, ಆ ಬೆಂಚಿನ ಮೇಲೆ ಕೂತಿರಿ ಎಂದರು.

ಅಂದಿನ ಹಡಗು ಹೋಯಿತು. ಒಣಮೀನಿನ ವಾಸನೆಯ ಗಾಳಿಯಲ್ಲಿ ನಾವು ಇಡೀ ದಿನ ಬೆಂಚಿನ ಮೇಲೆ ಕಳೆದೆವು.

“ತೋಳು ತೋರ್ಸುದ್ರೆ ಆಯ್ತಿತ್ತು ಕಣ್ಲಾ,” ಎಂದ ಮಾದೇವಸ್ವಾಮಿ. “ನೀನು ಬಾಯಿ ತೋರ್ಸುದ್ದೆ.”

“ನನ್ನ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ, ಗಮನಿಸಿದೆಯಾ?”

“ಗಮನಿಸ್ದೆ. ಅವ್ರ ತಾವ ಚೀಟಿ ಇತ್ತು, ಅದನ್ನೂ ಗಮನಿಸ್ದೆ.”

ಕೊಲಂಬೊ

ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗಿನಲ್ಲಿ ಹೋದದ್ದರ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ. ಇಡೀ ಹೊತ್ತು ಕಟಕಟೆ ಹಿಡಿದು ಕೆಳಗೆ ನೋಡುತ್ತಿದ್ದೆ, ಸಮುದ್ರವನ್ನು ಅಷ್ಟು ಹತ್ತಿರದಿಂದ ಯಾರೂ ನೋಡಬಾರದು.

ಕೊಲಂಬೊದಲ್ಲಿ ಮೊದಲು ನನ್ನನ್ನು ಬೆರಗುಗೊಳಿಸಿದ್ದು ಬಸ್ಸಿಗೆ ಜನ ಸಾಲಾಗಿ ನಿಲ್ಲುವುದು. ಚಾಮರಾಜನಗರದಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲು ಒಳಕ್ಕೆ ಹಾರಿರುತ್ತದೆ, ಟವೆಲು ಬಿದ್ದ ಸೀಟು ಟವೆಲಿನವನದು. ಇಲ್ಲಿ ಮಾದೇವಸ್ವಾಮಿ ಅಭ್ಯಾಸಬಲದಿಂದ ಟವೆಲು ಎಸೆದ. ಅದು ಒಬ್ಬ ವೃದ್ಧರ ತಲೆಯ ಮೇಲೆ ಬಿತ್ತು. ಅವರು ಕೂದಲನ್ನು ಗಂಟು ಕಟ್ಟಿ ಹಿಂದೆ ಬಾಚಣಿಗೆ ಸಿಕ್ಕಿಸಿಕೊಂಡಿದ್ದರು, ಅಲ್ಲಿಯ ಹಳೆಯ ಕಾಲದ ಗಂಡಸರು ಕೆಲವರು ಈಗಲೂ ಹಾಗೆ. ಅವರು ಬಾಚಣಿಗೆಗೆ ಸಿಕ್ಕಿಕೊಂಡ ಟವೆಲನ್ನು ಬಿಡಿಸಿ, ಮಡಿಸಿ, ಎರಡೂ ಕೈಯಿಂದ ವಾಪಸ್ಸು ಕೊಟ್ಟರು.

ಇನ್ನೊಂದು ಅಭ್ಯಾಸ. ದಾರಿಯಲ್ಲಿ ಎದುರಾದವರೆಲ್ಲ ‘ಎಲ್ಲಿಗೆ ಹೋಗುತ್ತೀರಿ’ ಎಂದು ಕೇಳುತ್ತಾರೆ. ನಮ್ಮಲ್ಲಿ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎನ್ನುತ್ತಾರೆ. ‘ದೂರ ಹೊರಟಿರಾ’ ಎನ್ನಬೇಕು. ಇಲ್ಲಿ ಅದೇ ಕುಶಲಪ್ರಶ್ನೆ. ಎರಡು ದಿನ ನಾನು ಕೇಳಿದವರಿಗೆಲ್ಲ ಹೋಗುವ ಸ್ಥಳ, ಕಾರಣ, ತಿರುಗಿ ಬರುವ ಹೊತ್ತು ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ‘ಸುಮ್ಮನೆ ಹೀಗೇ’ ಎಂದರೆ ಸಾಕು, ಅವರಿಗೆ ಬೇಕಾದದ್ದು ಅಷ್ಟೇ ಎಂದು ಮೂರನೆಯ ದಿನ ಗೊತ್ತಾಯಿತು.

ನಮಗೆ ಊಟ ಹಾಕುತ್ತಿದ್ದ ಮನೆಯಲ್ಲಿ ಕೆಂಪು ಕಾಯಿಚಟ್ನಿ ಇರುತ್ತಿತ್ತು. ಮಾದೇವಸ್ವಾಮಿ ಅದನ್ನು ಮೂರು ಹೊತ್ತೂ ತಿಂದ. ನಮ್ಮವ್ವ ಇದನ್ನ ಕಲೀಬೇಕು ಎಂದ. ಅದರಲ್ಲಿ ಒಣಮೀನಿನ ಪುಡಿ ಇರುತ್ತದೆಂದು ನನಗೆ ಎರಡನೆಯ ದಿನ ಅಡುಗೆಯವಳಿಂದ ತಿಳಿಯಿತು. ನಾನು ಸದ್ದಿಲ್ಲದೆ ಬಿಟ್ಟೆ. ಮಾದೇವಸ್ವಾಮಿ ಕೊರಳಲ್ಲಿ ಲಿಂಗ ಕಟ್ಟಿದವನು, ಮೊಟ್ಟೆ ಒಡೆದ ಸದ್ದಿಗೂ ಎದ್ದು ಹೋಗುವವನು. ಮೂರನೆಯ ದಿನ, ಅವನು ತುತ್ತು ಬಾಯಿಗಿಡುವಾಗ, ಹೇಳಿಬಿಟ್ಟೆ. ಗೊತ್ತಿದ್ದೂ ಮುಚ್ಚಿಡುವುದು ಸುಳ್ಳಿಗೆ ಸಮ ಎಂಬುದು ಆಗ ನನ್ನ ನಿಲುವು.

ಅವನು ಎದ್ದು ಹೋಗಿ ಬಾಯಿ ತೊಳೆದು ಬಂದ. ತಟ್ಟೆಯನ್ನು ದೂರ ಸರಿಸಿದ.

“ಯೋಳ್ದೆ ಇದ್ದಿದ್ರೆ ನಿನ್ಗೇನ್ಲಾ ಓಗ್ತಿತ್ತು?” ಎಂದ. “ತಿಂದಿದ್ದು ತಿಂದಾಗಿತ್ತು. ಇನ್ನೆಲ್ಡು ದಿನ ತಿಂದು ನೆಮ್ಮದಿಯಾಗಿ ಊರ್ಗೋಗ್ತಿದ್ದೆ.”

“ಸತ್ಯ ಗೊತ್ತಾಗಬೇಡವೇ?”

“ಸತ್ಯ ನಂಗ್ಯಾಕ್ಲಾ? ನಂಗೆ ಚಟ್ನಿ ಬೇಕಿತ್ತು.”

ಉಳಿದ ದಿನಗಳೆಲ್ಲ ಅವನು ಬಾಳೆಹಣ್ಣು, ಬ್ರೆಡ್ಡು ತಿಂದು ಬದುಕಿದ. ಚರ್ಚೆಯಲ್ಲಿ ವಿಷಯ ‘ಹಳೆಯ ನಂಬಿಕೆ ಹೊಸ ನಾಡಿಗೆ ಭಾರ’ ಎಂಬುದು. ಹೌದು ಎಂದು ನಾನು ವಾದಿಸಿದೆ, ಗೆದ್ದೆವು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಆ ಚಪ್ಪಾಳೆ ಕಿವಿಯಲ್ಲಿಟ್ಟುಕೊಂಡೇ ಕಲ್ಲು ಕೊಳ್ಳಲು ಹೊರಟೆ.

ರತ್ನಪುರ

ರತ್ನಪುರದಲ್ಲಿ ಭತ್ತದ ಗದ್ದೆಯ ನಡುವೆ ಬಾವಿಯಂಥ ಗುಂಡಿ ತೋಡುತ್ತಾರೆ. ಮೇಲೊಂದು ಹುಲ್ಲಿನ ಮಾಡು. ಕೆಳಗಿಂದ ಬಂದ ಜಲ್ಲಿಯನ್ನು ಬುಟ್ಟಿಗೆ ತುಂಬಿ, ಸೊಂಟದುದ್ದ ನೀರಿನಲ್ಲಿ ನಿಂತು ಸುತ್ತಿಸುತ್ತಾರೆ. ನಮ್ಮ ಹೆಂಗಸರು ಅಕ್ಕಿ ಜಾಲಿಸುವುದೇ ಇದು. ನಾವು ಕಲ್ಲು ಬಿಸಾಕಿ ಅಕ್ಕಿ ಇಟ್ಟುಕೊಳ್ಳುತ್ತೇವೆ, ಇವರದು ಕಲ್ಲಿಗಾಗಿಯೇ ಬದುಕು. ಬುಟ್ಟಿ ಬರಿದಾದಾಗ ಯಾರೂ ಬೇಸರದ ಮಾತಾಡಲಿಲ್ಲ. ಮುಂದಿನ ಬುಟ್ಟಿ ತುಂಬಿಸಿಕೊಂಡರು.

ವ್ಯಾಪಾರಿ ಒಬ್ಬ ವಯಸ್ಸಾದ ಸಾಹೇಬರು. ತಮಿಳು ಬಲ್ಲವರು, ನಮ್ಮ ಗಡಿಯ ತಮಿಳು ಅವರಿಗೆ ನಗು ತರಿಸುತ್ತಿತ್ತು. ಕಾಗದದ ಪೊಟ್ಟಣ ಬಿಚ್ಚಿ ಕಡಲೆಕಾಳಿನಷ್ಟು ದೊಡ್ಡದೊಂದು ಹರಳು ತೋರಿಸಿದರು. ಮಳೆ ನಿಂತ ಮೇಲೆ ಬೆಟ್ಟದ ಬೆನ್ನಿಗೆ ಬರುವ ನೀಲಿ. ನನಗೆ ಅದೇ ಬೇಕೆನಿಸಿತು. ಬೆಲೆಗೆ ನಾನು ಮಾತು ಸಿದ್ಧಮಾಡಿಕೊಂಡು ಬಂದಿದ್ದೆ. ಅವರು ಮಾತೇ ಆಡದೆ ನನ್ನ ಕೈ ಹಿಡಿದು ಅದರ ಮೇಲೆ ಕರವಸ್ತ್ರ ಹಾಕಿ ಬೆಲೆಯ ಲೆಕ್ಕಕ್ಕೆ ಬೆರಳು ಒತ್ತಿದರು. ನಾನು ಬಾಯಿ ತೆರೆದೆ. ಅವರು ಇನ್ನೊಂದು ಕೈಯೆತ್ತಿ, ಶ್ ಎಂದರು. ಮತ್ತೆ ಬಾಯಿ ತೆರೆದೆ. ಕರವಸ್ತ್ರ ತೆಗೆದುಬಿಟ್ಟರು.

“ಎದ್ದೇಳ್ಲಾ ಅತ್ಲಾಗೆ,” ಎಂದು ಮಾದೇವಸ್ವಾಮಿ ನನ್ನ ಜಾಗದಲ್ಲಿ ಕೂತ. ಅವರಪ್ಪ ದನದ ಸಂತೆಯಲ್ಲಿ ಟವೆಲಿನ ಕೆಳಗೆ ಎತ್ತಿನ ವ್ಯಾಪಾರ ಮಾಡಿದವರು. ಮೊದಲ ಸಲ ಇವನ ಬೆರಳಿನ ಲೆಕ್ಕವೂ ಸಾಹೇಬರದೂ ಹೊಂದಲಿಲ್ಲ, ಇಬ್ಬರೂ ನಕ್ಕರು. ಎರಡನೆಯ ಸಲಕ್ಕೆ ಮುಗಿಯಿತು. “ದನ ಆದ್ರೇನು ಕಲ್ಲಾದ್ರೇನು, ಬೆಳ್ಳು ಬೆಳ್ಳೇ ಕಣ್ಲಾ,” ಎಂದು ಮೇಲೆದ್ದ.

ಯಾರಿಗೆ ಎಂದು ಸಾಹೇಬರು ಕೇಳಿದರು. ಮದುವೆಯಾಗಬೇಕಾದ ಹುಡುಗಿಗೆ ಎಂದೆ.

“ಹಾಗಾದರೆ ತಂಬಿ, ಹರಳನ್ನು ಈಗಲೇ ಉಂಗುರಕ್ಕೆ ಕೂರಿಸಬೇಡ. ಬಟ್ಟೆಯಲ್ಲಿ ಸುತ್ತಿ ಮೂರು ರಾತ್ರಿ ಅವಳ ದಿಂಬಿನ ಕೆಳಗಿಡಲು ಹೇಳು. ಒಗ್ಗದಿದ್ದರೆ ಕಳಿಸು, ನಾನು ವಾಪಸ್ಸು ತೆಗೆದುಕೊಳ್ಳುತ್ತೇನೆ.”

ನನಗೆ ರೇಗಿತು. ನಿಮ್ಮ ಸರಕಿನ ಮೇಲೆ ನಿಮಗೇ ನಂಬಿಕೆಯಿಲ್ಲವೇ, ಕೆಟ್ಟ ಕಲ್ಲಾದರೆ ಇಷ್ಟು ವರ್ಷ ನಿಮ್ಮ ಪೆಟ್ಟಿಗೆಯಲ್ಲಿದ್ದೂ ನೀವು ಹೇಗೆ ಚೆನ್ನಾಗಿದ್ದೀರಿ ಎಂದೆಲ್ಲ ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ.

“ನನಗೇನು ಗೊತ್ತು ತಂಬಿ, ಇದು ನಿಮ್ಮ ಜನರ ಪದ್ಧತಿ. ನಿಮ್ಮ ಕಡೆಯವರಿಗೆ ಮಾರುವಾಗ ನಾನು ಇದನ್ನು ಹೇಳಿಯೇ ಮಾರುವುದು. ಕಲ್ಲು ಮಣ್ಣಿನಲ್ಲಿ ಎಷ್ಟು ಕಾಲ ಬಿದ್ದಿತ್ತೋ. ಮೂರು ರಾತ್ರಿ ಹೆಚ್ಚಾಗುತ್ತದೆಯೇ ಅದಕ್ಕೆ?”

ಮಾರನೆಯ ದಿನವೇ ಕೊಲಂಬೊದಲ್ಲಿ ಹರಳನ್ನು ಉಂಗುರಕ್ಕೆ ಇಡಿಸಿದೆ. ತಿರುಗಿ ಬರುವ ಹಡಗಿನಲ್ಲಿ ಮಾದೇವಸ್ವಾಮಿ ಕೇಳಿದ, ಗಿರಿಜೆ ಅವ್ವ ಬ್ಯಾಡ ಅಂದ್ರೆ ಏನ್ಲಾ ಮಾಡ್ತೀಯ? ಬೇಡ ಎನ್ನಲು ಒಂದು ಕಾರಣ ಕೊಡಬೇಕಲ್ಲ, ಎಲ್ಲ ಕಾರಣಕ್ಕೂ ಉತ್ತರ ನನ್ನ ಹತ್ತಿರ ಇದೆ ಎಂದೆ. ಅವನು ನನ್ನ ಮುಖ ನೋಡಿ, ಉಳಿದಿದ್ದ ಒಂದು ಬಾಳೆಹಣ್ಣು ಸುಲಿದುಕೊಂಡ.

ಗುಂಡ್ಲುಪೇಟೆ

ತೆರಕಣಾಂಬಿ ಮೇಲೆ ಹಾದು ಬಸ್ಸು ಗುಂಡ್ಲುಪೇಟೆ ಮುಟ್ಟಿದಾಗ ಹತ್ತು ಗಂಟೆ ಬಿಸಿಲು. ಬಸ್‌ಸ್ಟ್ಯಾಂಡಿನ ಮಲೆಯಾಳಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ನನ್ನ ಮಾತುಗಳನ್ನು ಇನ್ನೊಮ್ಮೆ ಹೇಳಿಕೊಂಡೆ. ಮೂರು ಭಾಗ. ಒಂದು, ಸಾವು ಬಂದದ್ದು ಜ್ವರದಿಂದ. ಎರಡು, ಅದೇ ವರ್ಷ ಉಂಗುರವಿಲ್ಲದವರೂ ಊರಿನಲ್ಲಿ ಸತ್ತಿದ್ದಾರೆ. ಮೂರು, ನೀಲ ತೊಟ್ಟು ಬದುಕಿರುವವರ ಒಂದು ನಾಡನ್ನೇ ನಾನು ಕಣ್ಣಾರೆ ಕಂಡು ಬಂದಿದ್ದೇನೆ.

ಚೆನ್ನಾಜಮ್ಮ ಉಪ್ಪಿಟ್ಟು ಕೊಟ್ಟರು, ಕಾಫಿ ಕೊಟ್ಟರು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ನಡುವೆ ಉಂಗುರದ ಡಬ್ಬಿ ತೆರೆದಿಟ್ಟು, ನಿಮ್ಮ ಮಗಳನ್ನು ಕೊಡಿ ಎಂದು ಕೇಳಿದೆ. ಅವರು ತಟ್ಟೆಗೆ ಕೈ ನೀಡುತ್ತಿದ್ದವರು ಕಲ್ಲಿನ ಬಣ್ಣ ಕಂಡು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಮೂರೂ ಭಾಗ ಹೇಳಿದೆ. ಗಿರಿಜೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಚೆನ್ನಾಜಮ್ಮ ಪೂರ್ತಿ ಕೇಳಿದರು. ಆಮೇಲೆ, “ನೀನು ಯೋಳಾದು ಸರಿ ಇರ್ಬೋದು ಕಣಪ್ಪ,” ಎಂದರು. “ನಂಗೆ ಅಷ್ಟೆಲ್ಲ ಗೊತ್ತಾಗಕಿಲ್ಲ. ಮಗ್ಳು ಒಪ್ಪವ್ಳೆ, ನಾನ್ಯಾಕೆ ಅಡ್ಡ ಬರ್ಲಿ. ಮೂರು ರಾತ್ರಿ ಅವ್ಳ ದಿಂಬಿನ ಕೆಳ್ಗಿರ್ಲಿ. ಆಮೇಕೆ ನಿಮ್ಮಪ್ಪ ಅವ್ವನ್ನ ಕರ್ಕಂಬಾ, ತೊಡ್ಸು.”

ಇದನ್ನು ಈಗ ಬರೆಯುವಾಗ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ: ಅವರು ಮಗಳನ್ನು ಕೊಟ್ಟಾಗಿತ್ತು. ಅಂದು ನನಗೆ ಕಂಡದ್ದು ಮೂರು ರಾತ್ರಿ ಮಾತ್ರ. ಇಷ್ಟು ಹೇಳಿದ ಮೇಲೂ ಹಳೆಯದೇ ಉಳಿಯಿತಲ್ಲ ಎಂದು ಮುಖ ಬಿಸಿಯಾಯಿತು. “ಇಲ್ಲಮ್ಮ, ಹಾಗೆ ಇಟ್ಟರೆ ನಾನು ಹೇಳಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ,” ಎಂದೆ.

ಗಿರಿಜೆ ನನ್ನನ್ನು ಹಿತ್ತಲಿಗೆ ಕರೆದಳು.

“ಮೂರು ದಿನ ತಾನೇ,” ಎಂದಳು.

“ದಿನದ ಪ್ರಶ್ನೆ ಅಲ್ಲ ಗಿರಿಜಾ. ಇವತ್ತು ಇದಕ್ಕೆ ಒಪ್ಪಿದರೆ ನಾಳೆ ರಾಹುಕಾಲಕ್ಕೆ ಒಪ್ಪಬೇಕು, ನಾಡಿದ್ದು ಹಲ್ಲಿ ಲೊಚಗುಟ್ಟಿದ್ದಕ್ಕೆ ಒಪ್ಪಬೇಕು.”

“ಅಪ್ಪ ಹೋದ ಮೇಲೆ ಈ ಮನೆ ಒಳಗೆ ನೀಲಿ ಸೀರೆ ಕೂಡ ಬಂದಿಲ್ಲ. ಆ ಕಲ್ಲನ್ನ ನನ್ನ ದಿಂಬಿನ ಕೆಳಗೆ ಇಟ್ಟುಕೋ ಅಂತ ಈಗ ಅವ್ವನೇ ಹೇಳ್ತಿದ್ದಾಳೆ. ಅವಳು ಎಷ್ಟು ದೂರ ಬಂದಿದ್ದಾಳೆ ಅಂತ ನಿಮಗೆ ಕಾಣಲ್ವ?”

“ಕೆಟ್ಟ ಕನಸು ಬಿದ್ದರೆ?”

“ಬಿದ್ರೂ, ಚೆನ್ನಾಗಿ ನಿದ್ದೆ ಬಂತವ್ವ ಅಂತಲೇ ಹೇಳ್ತೀನಿ. ಅವ್ವ ಹೇಳಿದಾಗಲೇ ಅದನ್ನ ತೀರ್ಮಾನ ಮಾಡಿಯಾಗಿದೆ.”

“ಅಂದರೆ ಸುಳ್ಳು ಹೇಳುತ್ತೀಯ. ಮೂಢನಂಬಿಕೆಯ ಮೇಲೆ ಒಂದು ಸುಳ್ಳು ಕಟ್ಟಿ ಅದರ ಮೇಲೆ ಮದುವೆ ಕಟ್ಟೋಣವೇ?”

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. “ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ,” ಎಂದಳು.

ನಾಚಿಕೆ ಬಿಟ್ಟು ಬರೆಯುತ್ತೇನೆ. ಒಂದು ಉಸಿರಿನಷ್ಟು ಹೊತ್ತು ನನಗೆ ಸಂತೋಷವಾಯಿತು. ಚರ್ಚೆಯಲ್ಲಿ ಎದುರಾಳಿ ಸೋತು ಕೂತಾಗ ಆಗುತ್ತಿದ್ದ ಅದೇ ಸಂತೋಷ.

ಅವಳು ಎದ್ದು ಒಳಗೆ ಹೋದಳು. ತಟ್ಟೆಯಿಂದ ಡಬ್ಬಿ ತೆಗೆದುಕೊಂಡು ಬಂದು, ಮುಚ್ಚಳ ಹಾಕಿ, ನನ್ನ ಅಂಗೈಯಲ್ಲಿಟ್ಟಳು. “ನಾನು ದಿನಾ ಉತ್ತರ ಇಲ್ಲದೆ ಇರೋ ಮನೇಲಿ ಹೆಂಗಿರ್ಲಿ ಹೇಳಿ,” ಎಂದಳು. ಕೋಪವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನಾನು ಅದಕ್ಕೂ ಏನೋ ಹೇಳಲು ಹೊರಟೆ. ಅವಳು ಆಗಲೇ ಒಳಗೆ ಹೋಗಿದ್ದಳು.

ಗುಂಡ್ಲುಪೇಟೆ, ಎರಡನೆಯ ಸಲ

ಮೂರು ವಾರ ಸೆಟೆದುಕೊಂಡು ಕೂತೆ. ಬರೆದ ಎರಡು ಕಾಗದಗಳಲ್ಲೂ ನನ್ನ ನಿಲುವಿನ ಸಮರ್ಥನೆ ಇತ್ತು, ಉತ್ತರ ಬರಲಿಲ್ಲ. ನಾಲ್ಕನೆಯ ವಾರ ಯಾಕೆ ಹೊರಟೆನೆಂದು ಕೇಳಿದರೆ ನನ್ನ ಹತ್ತಿರ ಕಾರಣವಿಲ್ಲ. ಒಂದು ಬೆಳಿಗ್ಗೆ, ಮೂರು ರಾತ್ರಿ ಇಟ್ಟುಕೋ, ಮೂವತ್ತು ರಾತ್ರಿ ಇಟ್ಟುಕೋ ಎಂದು ಹೇಳುವವನಾಗಿ ಬಸ್ಸು ಹತ್ತಿದೆ. ಆ ಮಾತನ್ನೂ ದಾರಿಯುದ್ದಕ್ಕೂ ಒಪ್ಪ ಮಾಡುತ್ತ ಹೋದೆ.

ಚೆನ್ನಾಜಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಗಿರಿಜೆ ಶಾಲೆಗೆ ಹೋಗಿದ್ದಳು.

“ಬಾಪ್ಪ, ಕೂತ್ಗ,” ಎಂದರು. ಮಜ್ಜಿಗೆ ತಂದುಕೊಟ್ಟರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು, “ನಂಜನಗೂಡ್ನೋರು ಓದ್ ವಾರ ಸ್ವಾಮಾರ ಬಂದು ವೀಳ್ಯ ಕೊಟ್ಟೋದ್ರು ಕಣಪ್ಪ. ಹೆಣ್ಣೇ ಊಂ ಅಂದ್ಲು.”

ಸಿದ್ಧಮಾಡಿಕೊಂಡ ಮಾತಿಗೆ ಜಾಗವಿರಲಿಲ್ಲ. ಅವರು ಒಂದಷ್ಟು ಅವರೆಕಾಯಿಯನ್ನು ನನ್ನ ಮುಂದಕ್ಕೆ ತಳ್ಳಿದರು. ಬಿಡಿಸತೊಡಗಿದೆ.

“ಅಲ್ಲಾ, ಸಮುದ್ರ ದಾಟಿ ಬಂದು ಆ ಊರ್ ಸುದ್ದೀನೇ ನೀನು ಯೋಳ್ನಿಲ್ವಲ್ಲ,” ಎಂದರು. “ಅವತ್ತು ಬರೀ ಕಲ್ಲಿನ ಸುದ್ದಿಯೇ ಆಗೋಯ್ತು. ಎಂಗವ್ರೆ ಅಲ್ಲಿ ಜನ?”

ಹೇಳಿದೆ. ಬಾಚಣಿಗೆ ಸಿಕ್ಕಿಸಿಕೊಳ್ಳುವ ಗಂಡಸರ ಕಥೆ ಹೇಳಿದೆ, ಟವೆಲು ಬಿದ್ದದ್ದು, ಗದ್ದೆಯಲ್ಲಿ ಗುಂಡಿ ತೋಡಿ ಜಲ್ಲಿ ಜಾಲಿಸುವುದು. ಮಾದೇವಸ್ವಾಮಿ ಚಟ್ನಿ ತಿಂದದ್ದನ್ನು ಕೇಳಿ ಸೆರಗು ಬಾಯಿಗೆ ಹಿಡಿದು ನಕ್ಕರು, ಅಯ್ಯೋ ಪಾಪ ಎಂದು ಮತ್ತೆ ನಕ್ಕರು. ಲಂಕೆಯ ಕಥೆಯನ್ನು ನಾನು ಯಾರಿಗಾದರೂ ನೆಟ್ಟಗೆ ಹೇಳಿದ್ದರೆ ಅದು ಅವರೊಬ್ಬರಿಗೇ. ನಡುವೆ ಅವರು, ಅಲ್ಲಿ ಸೀತಮ್ಮ ಕೂತಿದ್ದ ಮರ ಅದಂತಲ್ಲಪ್ಪ, ಎಂದರು. ನಾನು ನೋಡಲಿಲ್ಲಮ್ಮ, ಇರಬಹುದು ಎಂದೆ.

ಅವರೆಕಾಯಿ ಮುಗಿಯಿತು.

“ಆ ಕಲ್ಲು ಏನ್ಮಾಡ್ದಪ್ಪ?”

“ಇದೆ ಅಮ್ಮ, ನನ್ನ ಹತ್ತಿರವೇ.”

“ಚೆಂದದ ಕಲ್ಲು ಅದು. ನಾನೂ ನೋಡ್ದೆ. ಯಾವತ್ತಾರ ಒಂದಿನ ಯಾರ್ಗಾರ ಕೊಡ್ತೀಯಲ್ಲ, ಆ ಮಗೀಗೆ ಮೊದ್ಲು ಮೂರು ರಾತ್ರಿ ದಿಂಬಿನ ಕೆಳಗೆ ಮಡಿಕ್ಕಳಕ್ಕೆ ಯೋಳು.”

“ಆಗಲಿ ಅಮ್ಮ,” ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಿದ್ದರು. ಇನ್ನೂ ಏನಾದರೂ ಹೇಳುತ್ತೇನೆಂದು ಕಾದಿದ್ದರೋ ಏನೋ. ನಾನು ಲೋಟ ಕೆಳಗಿಟ್ಟು, ಶಾಲೆ ಬಿಡುವ ಮೊದಲಿನ ಬಸ್ಸಿಗೆ ಎದ್ದೆ.